ಭಾರ ಎತ್ತುವ ಮುನ್ನ: ಸ್ಲಿಂಗ್ ಕಟ್ಟುವವರಿಗೆ ಮೊದಲ ಪಾಠ

ಮೈಸೂರಿನ ಹೆಬ್ಬಾಳ, ಹೂಟಗಳ್ಳಿಯ ಷೆಡ್ಡುಗಳಲ್ಲಿ ಯಂತ್ರ ಇಳಿಸುವಾಗ, ಮಂಡ್ಯ ಸೀಮೆಯ ಸಕ್ಕರೆ ಕಾರ್ಖಾನೆಗಳಲ್ಲಿ ಹಂಗಾಮು ಮುಗಿದ ಮೇಲೆ ಕಬ್ಬು ಅರೆಯುವ ರೋಲರ್ ಬಿಚ್ಚುವಾಗ ಎಲ್ಲರ ಕಣ್ಣೂ ಕ್ರೇನಿನ ಮೇಲಿರುತ್ತದೆ. ಭಾರ ನಿಂತಿರುವುದು ಮಾತ್ರ ಕೆಳಗಿರುವ ಖಲಾಸಿ ಹಾಕಿದ ಕಟ್ಟಿನ ಮೇಲೆ. ಕ್ರೇನ್ ಚಾಲಕನಿಗೆ ಪರವಾನಗಿ ಕೇಳುವ ನಾವು, ಗುತ್ತಿಗೆಯಲ್ಲಿ ಬಂದ ಹುಡುಗನ ಕೈಗೆ ಏನೂ ಕಲಿಸದೆ ಸ್ಲಿಂಗ್, ಅಂದರೆ ಭಾರವನ್ನು ಕೊಕ್ಕೆಗೆ ಕಟ್ಟುವ ವೈರ್ ರೋಪ್, ಬೆಲ್ಟ್ ಅಥವಾ ಸರಪಳಿ, ಕೊಟ್ಟುಬಿಡುತ್ತೇವೆ. ಇದನ್ನು ಒಪ್ಪಲಾಗದು. ಅರ್ಧ ದಿನ ಬಿಡುವು ಮಾಡಿಕೊಂಡರೆ ಮೊದಲ ಪಾಠವನ್ನು ಷೆಡ್ಡಿನಲ್ಲೇ ಹೇಳಿಕೊಡಬಹುದು.

ಮೊದಲು ತೂಕ. ‘ಒಂದೆರಡು ಟನ್ ಇರಬಹುದು’ ಎಂಬ ಅಂದಾಜಿನ ಮೇಲೆ ಯಾರೂ ಭಾರ ಎತ್ತಬಾರದು. ಯಂತ್ರದ ಪಟ್ಟಿಯಲ್ಲೋ ನಕ್ಷೆಯಲ್ಲೋ ತೂಕ ಬರೆದಿರುತ್ತದೆ. ಇಲ್ಲವಾದರೆ ಲೆಕ್ಕ ಹಾಕಿಸಿ: ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, 10 ಮಿಲಿಮೀಟರ್ ದಪ್ಪದ ಉಕ್ಕಿನ ಪ್ಲೇಟು 78.5 ಕಿಲೋ ತೂಗುತ್ತದೆ. ಇದೊಂದು ಅಂಕಿ ಬಾಯಿಪಾಠವಾದರೆ ಅರ್ಧ ಕೆಲಸ ಸಲೀಸು.

ಎರಡನೆಯದು ಕೋನ. ಇದಕ್ಕೆ ಎಷ್ಟು ಹೊತ್ತು ಕೊಟ್ಟರೂ ಕಡಿಮೆಯೇ. ಮಾತಿನಲ್ಲಿ ಹೇಳಿದರೆ ಯಾರಿಗೂ ನಾಟುವುದಿಲ್ಲ, ಮಾಡಿ ತೋರಿಸಿ. ಎರಡು ತೂಗುಹಾಕುವ ತಕ್ಕಡಿ, ಹಗ್ಗ, 20 ಕಿಲೋದ ಮರಳಿನ ಚೀಲ, ಮಕ್ಕಳ ಕಂಪಾಸ್ ಬಾಕ್ಸಿನ ಕೋನಮಾಪಕ ಸಾಕು. ಎರಡೂ ಹಗ್ಗ ನೇರವಾಗಿ ಇಳಿಬಿದ್ದಾಗ ತಕ್ಕಡಿಗಳು ತಲಾ 10 ಕಿಲೋ ತೋರಿಸುತ್ತವೆ. ಹಗ್ಗಗಳನ್ನು ಅಗಲಿಸುತ್ತ ಹೋಗಿ. ನೆಲದ ಮಟ್ಟದಿಂದ 60 ಡಿಗ್ರಿಗೆ ಬಂದಾಗ ಸುಮಾರು 11.5, 45ಕ್ಕೆ 14, 30ಕ್ಕೆ ಪೂರಾ 20 ಕಿಲೋ! ಚೀಲ ಅದೇ, ಹಗ್ಗಗಳೂ ಎರಡೇ. ಆದರೂ ಒಂದೊಂದು ಹಗ್ಗವೂ ಇಡೀ ಚೀಲದಷ್ಟು ಭಾರ ಹೊರುತ್ತಿದೆ. ಮುಳ್ಳು ಮೇಲೇರುವುದನ್ನು ಕಣ್ಣಾರೆ ಕಂಡವರು ಗಿಡ್ಡ ಸ್ಲಿಂಗನ್ನು ಎಳೆದು ಅಗಲಿಸಿ ಸಿಕ್ಕಿಸುವ ಮುನ್ನ ಖಂಡಿತ ಯೋಚಿಸುತ್ತಾರೆ.

ಆಮೇಲೆ ಸಲಕರಣೆ. ವೈರ್ ರೋಪ್ ಎಂದರೆ ಸಣ್ಣ ಉಕ್ಕಿನ ತಂತಿಗಳನ್ನು ಹೊಸೆದು ಎಳೆ ಮಾಡಿ, ಆ ಎಳೆಗಳನ್ನು ಸುತ್ತಿ ಮಾಡಿದ ಹಗ್ಗ. ಅದನ್ನು ಕೈಗವಸು ಹಾಕಿಕೊಂಡು ಉದ್ದಕ್ಕೂ ಸವರಿ ನೋಡಬೇಕು. ಎಳೆ ಸುತ್ತಿಕೊಂಡ ಒಂದು ಪೂರ್ಣ ಸುತ್ತಿನ ಉದ್ದದಲ್ಲಿ 10 ತಂತಿ ಅಥವಾ ಒಂದೇ ಎಳೆಯಲ್ಲಿ 5 ತಂತಿ ತುಂಡಾಗಿದ್ದರೆ ಆ ಸ್ಲಿಂಗ್ ಮುಗಿಯಿತು. ಬೆಲ್ಟಿನಲ್ಲಿ ಸೀಳು, ಸುಟ್ಟ ಗುರುತು, ಬಿಚ್ಚಿದ ಹೊಲಿಗೆ ಇದ್ದರೆ, ಅಥವಾ ಭಾರದ ಮಿತಿ ಬರೆದ ಚೀಟಿಯೇ ಇಲ್ಲದಿದ್ದರೆ ಅದೂ ಬೇಡ. ಮೂಲೆಗೆ ಎಸೆದರೆ ನಾಳೆ ಯಾರೋ ಎತ್ತಿಕೊಳ್ಳುತ್ತಾರೆ, ಅಲ್ಲೇ ಕತ್ತರಿಸಿ ಹಾಕಿ. ಸರಪಳಿಗೆ ಗಂಟು ಹಾಕಿ ಗಿಡ್ಡ ಮಾಡುವುದಂತೂ ಕೂಡದು. ಭಾರ ಎತ್ತುವ ಸಲಕರಣೆಗಳನ್ನು 12 ತಿಂಗಳಿಗೊಮ್ಮೆಯಾದರೂ ಅರ್ಹರಿಂದ ಪರೀಕ್ಷೆ ಮಾಡಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ವಿಧಿಸಿತ್ತು. ಆ ಪರೀಕ್ಷೆ ಆಗಿದೆಯೆಂದು ದಿನದ ತಪಾಸಣೆ ಬಿಡುವಂತಿಲ್ಲ.

ಈಗ ಎತ್ತುವ ಅಭ್ಯಾಸ. ಗಾಣದ ರೋಲರನ್ನೇ ತೆಗೆದುಕೊಳ್ಳಿ. ಪಿನಿಯನ್ (ಹಲ್ಲುಚಕ್ರ) ಕೂತಿರುವ ತುದಿಯೇ ಹೆಚ್ಚು ತೂಗುವುದರಿಂದ ನಡುಮಧ್ಯಕ್ಕೆ ಕೊಕ್ಕೆ ತಂದರೆ ರೋಲರ್ ಓರೆಯಾಗುತ್ತದೆ. ಹಾಗಾಗಿ ಮೊದಲು ನೆಲದಿಂದ ಒಂದು ಗೇಣು ಮಾತ್ರ ಎತ್ತಿಸಿ, ನಿಲ್ಲಿಸಿ ನೋಡಿ. ಬ್ರೇಕ್ ಹಿಡಿದಿದೆಯೇ? ಸ್ಲಿಂಗ್ ಜಾರುತ್ತಿದೆಯೇ? ವಾಲಿದರೆ ಇಳಿಸಿ, ಕಟ್ಟು ಬಿಚ್ಚಿ, ಮತ್ತೆ ಕಟ್ಟಿ. ಚೂಪು ಅಂಚಿದ್ದರೆ ಸ್ಲಿಂಗಿನ ಅಡಿಗೆ ದಪ್ಪ ಮೆತ್ತೆ ಕೊಡಿ.

ಸನ್ನೆ ಮಾಡುವವರು ಒಬ್ಬರೇ ಇರಲಿ, ಅವರ ಜಾಕೆಟ್ ಬೇರೆ ಬಣ್ಣದ್ದಾಗಿರಲಿ. ಆದರೆ ‘ನಿಲ್ಲಿಸಿ’ ಎಂಬ ಸನ್ನೆಯನ್ನು ಯಾರು ಕೊಟ್ಟರೂ, ನಿನ್ನೆ ಸೇರಿದ ಸಹಾಯಕನೇ ಕೊಟ್ಟರೂ, ಚಾಲಕ ನಿಲ್ಲಿಸಲೇಬೇಕು. ಹಾಗೆ ನಿಲ್ಲಿಸಿದವನನ್ನು ಮೇಸ್ತ್ರಿ ಒಮ್ಮೆ ಗದರಿದರೆ ಸಾಕು, ಮುಂದೆ ಯಾರೂ ಕೈ ಎತ್ತುವುದಿಲ್ಲ.

ಭಾರ ಎತ್ತಿಕೊಂಡೇ ಚಲಿಸುವ ಗಾಲಿ ಕ್ರೇನ್, ಅಂದರೆ ಹೈಡ್ರಾ, ಬಂದಾಗ ಇನ್ನೂ ಎಚ್ಚರ ಬೇಕು. ತೂಗುವ ಭಾರವನ್ನು ಕೈಯಲ್ಲಿ ಹಿಡಿದುಕೊಂಡು ವಾಹನದ ಜೊತೆ ನಡೆಯುವ ಅಭ್ಯಾಸವನ್ನು ಮೊದಲ ದಿನವೇ ಬಿಡಿಸಿ. ಭಾರಕ್ಕೆ ಉದ್ದನೆಯ ಹಗ್ಗ ಕಟ್ಟಿ ದೂರದಿಂದ ಹಿಡಿಯಲಿ, ಹಗ್ಗವನ್ನು ಕೈಗೆ ಸುತ್ತಿಕೊಳ್ಳದಿರಲಿ. ಭಾರ ನೆಲಕ್ಕೆ ಹತ್ತಿರವೇ ಸಾಗಬೇಕು, ಅದಕ್ಕೂ ಗಾಡಿಗೂ ನಡುವೆ ಯಾರೂ ಇರಬಾರದು. ತಿರುವಿನಲ್ಲಿ ಗಾಡಿ ವಾಲುವ ಅಪಾಯ ಹೆಚ್ಚು, ನಿಧಾನವಾಗಿ ಹೊರಳಿಸಬೇಕು.

ಕೊನೆಗೆ ಸಹಿ ಹಾಕಿಸಿಕೊಂಡು ಕಳುಹಿಸಬೇಡಿ. ಒಬ್ಬೊಬ್ಬರೂ ತೂಕ ಹೇಳಿ, ಸ್ಲಿಂಗ್ ಆರಿಸಿ, ಕಟ್ಟಿ, ಒಂದು ಗೇಣು ಎತ್ತಿಸಿ ತೋರಿಸಲಿ. ಪಳಗಿದ ಖಲಾಸಿಯೊಬ್ಬರು ಪಕ್ಕದಲ್ಲಿ ನಿಂತು ನೋಡಲಿ. ಅವರು ಸರಿ ಎನ್ನುವವರೆಗೆ ಹೊಸಬರಿಗೆ ಕೊಕ್ಕೆ ಮುಟ್ಟುವ ಕೆಲಸ ಬೇಡ.