ಶಿಬಿರದಲ್ಲಿ ಸಕ್ಕರೆ ಸುಳ್ಳೇ ಏರಿ ಕಂಡಾಗ: ನನ್ನ ಅನುಭವ

ಮುಧೋಳ, ಜಮಖಂಡಿ ಭಾಗದಲ್ಲಿ ಕಬ್ಬು ಕಟಾವಿನ ಹೊತ್ತಿಗೆ 30 ವರ್ಷ ದಾಟಿದವರ ಸಕ್ಕರೆ ಕಾಯಿಲೆ ತಪಾಸಣೆ ಮಾಡಿದರೆ ಗ್ಲುಕೋಮೀಟರ್ (ಬೆರಳಿನ ರಕ್ತದ ಹನಿಯಲ್ಲಿ ಸಕ್ಕರೆ ಅಳೆಯುವ ಮೀಟರ್) 200 mg/dLಗಿಂತ ಮೇಲೆ ತೋರಿಸುವುದು ಹೆಚ್ಚು. ಅವರನ್ನೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಿ ರಕ್ತನಾಳದಿಂದ ರಕ್ತ ತೆಗೆದು ನೋಡಿದರೆ ಎಷ್ಟೋ ಜನರದು ಸರಿಯಾಗಿಯೇ ಇರುತ್ತಿತ್ತು.

ತಪ್ಪು ಮೀಟರಿನದಲ್ಲ, ಬೆರಳಿನದು. ಕಬ್ಬು, ಬೆಲ್ಲ ಮುಟ್ಟಿದ ಕೈಯ ಅಂಟು ರಕ್ತದ ಹನಿಗೆ ಬೆರೆತರೆ ಸಾಕು, ಅಂಕಿ ಜಿಗಿಯುತ್ತದೆ. ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಹೋಗುವುದಿಲ್ಲ. ಸಕ್ಕರೆ ನೀರಿಗೆ ಕರಗಿದಷ್ಟು ಸ್ಪಿರಿಟಿಗೆ ಕರಗದು. ಈಗ ಮೇಜಿನ ಪಕ್ಕ ಒಂದು ಕೊಡ ನೀರು, ಸಾಬೂನು, ಒಣ ಟವೆಲ್ ಇಡುತ್ತೇವೆ. ಕೈ ತೊಳೆದು ಪೂರ್ತಿ ಒಣಗಿಸಬೇಕು, ಇಲ್ಲವಾದರೆ ನೀರು ಬೆರೆತು ಅಂಕಿ ಇಳಿಯುತ್ತದೆ. ಚುಚ್ಚುವುದು ಬೆರಳಿನ ಬದಿಗೆ. ಮೊದಲ ಹನಿ ಒರೆಸಿ ಎರಡನೆಯದನ್ನು ತಗೊಳ್ಳಿ, ಬೆರಳನ್ನು ಹಿಂಡಬೇಡಿ.

ರಕ್ತದ ಹನಿ ಮುಟ್ಟಿಸುವ ಸ್ಟ್ರಿಪ್‌ಗಳ ಡಬ್ಬಿಯನ್ನು ಜೀಪಿನ ಮುಂದಿನ ಗಾಜಿನ ಬಳಿ ಇಡುವ ಚಾಳಿಯೂ ಬಿಡಬೇಕು. ಬಹುತೇಕ ಸ್ಟ್ರಿಪ್‌ಗಳಿಗೆ 30 ಡಿಗ್ರಿಯೇ ಮೇಲ್ಮಿತಿ, ನಮ್ಮ ಬೇಸಿಗೆ 40 ಮುಟ್ಟುತ್ತದೆ. ಡಬ್ಬಿ ತೆರೆದ ದಿನಾಂಕವನ್ನು ಮೇಲೆಯೇ ಬರೆಯಿರಿ.

ಈ ಪಾಠ ಒಂದೇ ಉಪಕೇಂದ್ರದಲ್ಲಿ ಉಳಿದರೆ ಪ್ರಯೋಜನವಿಲ್ಲ. ತಿಂಗಳ ಸಭೆಯಲ್ಲಿ ಬರೀ ಎಷ್ಟು ಜನರ ತಪಾಸಣೆ ಆಯಿತೆಂದು ಓದುವುದರಿಂದ ಯಾರೂ ಏನೂ ಕಲಿಯುವುದಿಲ್ಲ. ಕಳಿಸಿದವರಲ್ಲಿ ಎಷ್ಟು ಜನರಿಗೆ ನಿಜಕ್ಕೂ ಸಕ್ಕರೆ ಕಾಯಿಲೆ ಇತ್ತು ಎಂಬ ಸಾಲನ್ನು ಪ್ರತಿ ಕೇಂದ್ರವೂ ಸೇರಿಸಲಿ. ಯಾವ ಕೇಂದ್ರದ ಅಂಕಿ ಉಳಿದವುಗಳಿಗಿಂತ ಬೇರೆಯಾಗಿ ಎದ್ದು ಕಾಣುತ್ತದೋ, ಅಲ್ಲಿಗೆ ಪಕ್ಕದ ಕೇಂದ್ರದವರು ಹೋಗಿ ಒಂದು ಬೆಳಗು ಮೇಜಿನ ಬಳಿ ನಿಂತು ನೋಡಿದರೆ ಕಾರಣ ಸಿಗುತ್ತದೆ.