ಪಾದರಸದ ಕಥೆಯನ್ನು ನಡುನಡುವೆ ನಿಲ್ಲಿಸಿ ಕಲಿಸಿದ್ದು

ಎಂಟನೇ ತರಗತಿಗೆ ವಾಯುಮಂಡಲದ ಒತ್ತಡವನ್ನು ಕಲಿಸುವಾಗ ನಾನು ವ್ಯಾಖ್ಯೆಯಿಂದ ಆರಂಭಿಸದೆ, 17ನೇ ಶತಮಾನದ ಇಟಲಿಯ ಬಾವಿಗಳಿಂದ ಆರಂಭಿಸುತ್ತೇನೆ. ಹೀರುವ ಪಂಪು ನೀರನ್ನು ಸುಮಾರು 10 ಮೀಟರಿಗಿಂತ ಮೇಲಕ್ಕೆ ತರಲಾರದು ಎಂಬುದು ಅಲ್ಲಿನ ಕಸುಬುದಾರರಿಗೆ ತಿಳಿದಿತ್ತು, ಕಾರಣ ತಿಳಿದಿರಲಿಲ್ಲ. ನೇತುಹಾಕಿದ ಹಗ್ಗದಂತೆ ನೀರಿನ ಕಂಬವೂ ತನ್ನ ಭಾರಕ್ಕೆ ತಾನೇ ತುಂಡಾಗುತ್ತದೆ ಎಂದು ಗೆಲಿಲಿಯೊ 1638ರಲ್ಲಿ ವಿವರಿಸಿದ. ಕಥೆಯನ್ನು ಅಲ್ಲಿಗೇ ನಿಲ್ಲಿಸಿ, ಈ ವಿವರಣೆ ಒಪ್ಪಿಗೆಯೇ ಎಂದು ಕೇಳುತ್ತೇನೆ. ಹೆಚ್ಚಿನವರು ಒಪ್ಪುತ್ತಾರೆ, ಏಕೆಂದರೆ ಹೀರುವುದೆಂದರೆ ಎಳೆಯುವುದು ಎಂದೇ ಅವರೂ ನಂಬಿರುತ್ತಾರೆ. ತೆರೆದ ಬಾವಿಯಲ್ಲಿ ಪಂಪ್‌ಸೆಟ್ಟನ್ನು ದಡದ ಮೇಲಿಡದೆ ಒಳಗಿಳಿಸಿ ಕೂರಿಸುತ್ತಿದ್ದುದನ್ನು ಮನೆಯ ಹಿರಿಯರಿಂದ ಕೇಳಿದ ಮಕ್ಕಳಿದ್ದರೆ ಚರ್ಚೆಗೆ ಬಿಸಿ ಏರುತ್ತದೆ.

ಆಮೇಲೆ, ಒಂದು ತುದಿ ಮುಚ್ಚಿದ ಗಾಜಿನ ನಳಿಕೆಯಲ್ಲಿ ನೀರಿನ ಬದಲು ಪಾದರಸ ತುಂಬಿ ಪಾದರಸದ ಬಟ್ಟಲಿನಲ್ಲಿ ತಲೆಕೆಳಗಾಗಿ ನಿಲ್ಲಿಸುವ ಪ್ರಯೋಗದೊಂದಿಗೆ ಇಟಲಿಯ ವಿಜ್ಞಾನಿ ಟೊರಿಚೆಲ್ಲಿ ಬರುತ್ತಾನೆ. ಪಾದರಸವು ನೀರಿಗಿಂತ 13.6 ಪಟ್ಟು ಸಾಂದ್ರವೆಂದು ಮಾತ್ರ ಹೇಳಿ, ಅದರ ಕಂಬ ಎಷ್ಟೆತ್ತರ ನಿಂತೀತು ಎಂಬ ಲೆಕ್ಕವನ್ನು ಮಕ್ಕಳಿಗೇ ಬಿಡುತ್ತೇನೆ, 76 ಸೆಂ.ಮೀ. ಆಸುಪಾಸಿನ ಉತ್ತರ ಅವರ ಕೈಯಿಂದಲೇ ಬರುತ್ತದೆ. (ಪಾದರಸ ವಿಷವಾದ್ದರಿಂದ ತರಗತಿಗೆ ತರುವುದಿಲ್ಲ; ಕಪ್ಪುಹಲಗೆಯ ಚಿತ್ರ ಸಾಕು.) ಕಂಬವನ್ನು ಎತ್ತಿ ನಿಲ್ಲಿಸುವುದು ಹೊರಗಿನ ಗಾಳಿಯ ಭಾರ, ನಾವು ಗಾಳಿಯ ಕಡಲಿನ ತಳದಲ್ಲಿ ಬದುಕುತ್ತಿದ್ದೇವೆ ಎಂದು ಆತ 1644ರ ಪತ್ರವೊಂದರಲ್ಲಿ ಬರೆದದ್ದನ್ನು ಈ ಲೆಕ್ಕದ ನಂತರವೇ ಹೇಳುತ್ತೇನೆ, ಮೊದಲು ಹೇಳಿದರೆ ಅದು ಬರಿಯ ಅಲಂಕಾರವಾಗಿ ಉಳಿದುಬಿಡುತ್ತದೆ.

ನಾನು ಹೆಚ್ಚು ಸಮಯ ಕೊಡುವುದು ಫ್ರಾನ್ಸಿನ ಪ್ಯುಯಿ ದ ದೋಮ್ ಬೆಟ್ಟದ ಪ್ರಯೋಗಕ್ಕೆ. ನಿಜವಾಗಿಯೂ ಗಾಳಿಯೇ ಒತ್ತುತ್ತಿದ್ದರೆ ಬೆಟ್ಟದ ಮೇಲೆ ಪಾದರಸ ಇಳಿಯಬೇಕು ಎಂದು ತರ್ಕಿಸಿದ ಫ್ರೆಂಚ್ ವಿಜ್ಞಾನಿ ಪ್ಯಾಸ್ಕಲ್, ತನ್ನ ಭಾವ ಪೆರಿಯೇಗೆ ಆ ಕೆಲಸ ಒಪ್ಪಿಸಿದ. 1648ರ ಸೆಪ್ಟೆಂಬರ್‌ನಲ್ಲಿ ಪೆರಿಯೇ ಒಂದು ನಳಿಕೆಯೊಂದಿಗೆ ಸುಮಾರು 1000 ಮೀಟರ್ ಮೇಲೇರಿದಾಗ ಪಾದರಸ 8 ಸೆಂ.ಮೀ.ಗೂ ತುಸು ಹೆಚ್ಚು ಇಳಿದಿತ್ತು. ಇನ್ನೊಂದು ನಳಿಕೆಯನ್ನು ಕೆಳಗಿನ ಮಠದ ತೋಟದಲ್ಲಿಟ್ಟು, ದಿನವಿಡೀ ಗಮನಿಸಲು ಅಲ್ಲಿನ ಸನ್ಯಾಸಿಯೊಬ್ಬರನ್ನು ನೇಮಿಸಿದ್ದ, ಅದು ಕದಲಲಿಲ್ಲ. ಎರಡನೆಯ ನಳಿಕೆ ಏಕೆ ಬೇಕಾಯಿತು ಎಂಬ ಪ್ರಶ್ನೆ ಒಂದು ಇಡೀ ಅವಧಿಯನ್ನು ತೆಗೆದುಕೊಂಡರೂ ನನಗೆ ಬೇಸರವಿಲ್ಲ. ಹವಾಮಾನ ಬದಲಾದರೂ ಪಾದರಸ ಇಳಿಯಬಹುದಲ್ಲವೇ ಎಂಬಲ್ಲಿಗೆ ಮಕ್ಕಳು ತಾವಾಗಿಯೇ ತಲುಪುವವರೆಗೆ ನಾನು ಉತ್ತರ ಕೊಡುವುದಿಲ್ಲ.

ಘಟಕ ಪರೀಕ್ಷೆಯಲ್ಲಿ ವ್ಯಾಖ್ಯೆಯನ್ನು ಕೇಳುವ ಬದಲು, ಪೆರಿಯೇಯ ಅಳತೆಯನ್ನು ಕೊಟ್ಟು, ಸುಮಾರು 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ಪಾದರಸ ಎಲ್ಲಿ ನಿಂತೀತೆಂದು ಅಂದಾಜಿಸಲು ಹೇಳುತ್ತೇನೆ. 60 ಸೆಂ.ಮೀ. ಹತ್ತಿರದ ಉತ್ತರಕ್ಕೆ, ಕಾರಣ ಬರೆದಿದ್ದರೆ, ಪೂರ್ಣ ಅಂಕ.