ಕಪ್ಪು-ಬಿಳುಪು ಫೋಟೊ ಮುದ್ರಿಸಲು ಪ್ರಿಂಟರ್ ಆರಿಸುವುದು ಹೇಗೆ?

ಬದಿಯಡ್ಕ ಸಮೀಪದ ಪರಿಚಿತರೊಬ್ಬರ ಮನೆಯ ಚಾವಡಿಯಲ್ಲಿ ಅವರ ಅಜ್ಜನ ಹಳೆಯ ಫೋಟೊ ಒಂದಿತ್ತು. ಮಳೆಗಾಲದ ತೇವಕ್ಕೆ ಅದರ ಅಂಚಿಗೆ ಬೂಷ್ಟು ಹಿಡಿದುದರಿಂದ ಅವರು ಅದನ್ನು ಸ್ಕ್ಯಾನ್ ಮಾಡಿಸಿ, ಹೊಸದಾಗಿ ಕೊಂಡ ಇಂಕ್‌ಜೆಟ್ ಪ್ರಿಂಟರಿನಲ್ಲಿ ಮುದ್ರಿಸಿ, ಚೌಕಟ್ಟು ಹಾಕಿಸಿ ಅದೇ ಮೊಳೆಗೆ ತೂಗುಹಾಕಿದರು. ಬೆಳಗಿನ ಬೆಳಕಿನಲ್ಲಿ ಚಿತ್ರ ಚೆನ್ನಾಗಿಯೇ ಇತ್ತು. ಸಂಜೆ ಟ್ಯೂಬ್‌ಲೈಟ್ ಹಾಕಿದೊಡನೆ ಅಜ್ಜನ ಬಿಳಿ ಮುಂಡಿನ ನೆರಿಗೆಗಳೆಲ್ಲ ಪಾಚಿಯ ಬಣ್ಣಕ್ಕೆ ತಿರುಗಿದವು. ಪ್ರಿಂಟರ್ ಕೆಟ್ಟಿರಲಿಲ್ಲ, ಬಣ್ಣದ ಫೋಟೊಗಳಿಗೆ ಒಪ್ಪುವ ಯಂತ್ರವನ್ನು ಕಪ್ಪು-ಬಿಳುಪಿಗೆಂದು ಕೊಂಡದ್ದೇ ತಪ್ಪಾಗಿತ್ತು. ಈ ತಪ್ಪನ್ನು ಕುಂಬಳೆಯಲ್ಲೂ ಮಂಜೇಶ್ವರದಲ್ಲೂ ಮತ್ತೆ ಮತ್ತೆ ಕಂಡಿರುವುದರಿಂದ, ಕೊಳ್ಳುವ ಮುನ್ನ ಏನನ್ನು ನೋಡಬೇಕೆಂಬುದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

1. ಅಳತೆ

ಗೋಡೆಗೆ ಹಾಕುವ ಚಿತ್ರಗಳಿಗೆ 329 × 483 ಮಿಲಿಮೀಟರ್ ಅಳತೆಯ ಎ3+ ಕಾಗದ ಹಿಡಿಸುವ 13 ಇಂಚಿನ ಪ್ರಿಂಟರ್ ಸಾಕು; ಆಲ್ಬಮ್ಮಿಗೆ ಮಾತ್ರವಾದರೆ ಎ4 ಸಾಕು.

2. ಶಾಯಿಗಳ ಪಟ್ಟಿ

ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ 5760 ಡಿಪಿಐ (ಒಂದು ಇಂಚಿನಲ್ಲಿ ಬೀಳುವ ಚುಕ್ಕಿಗಳ ಎಣಿಕೆ) ಎಂಬಂಥ ಸಂಖ್ಯೆಯನ್ನು ಬದಿಗಿಟ್ಟು, ಒಳಗೆ ಯಾವ ಯಾವ ಶಾಯಿಗಳಿವೆ ಎಂಬುದನ್ನು ಓದಿ. ಬೂದು ಶಾಯಿ ಇಲ್ಲದ ಪ್ರಿಂಟರಿಗೆ ತಿಳಿಬೂದು ಬಣ್ಣವನ್ನು ಮೂಡಿಸಲು ಎರಡೇ ದಾರಿಗಳಿವೆ: ಕಪ್ಪು ಚುಕ್ಕಿಗಳನ್ನು ದೂರ ದೂರ ಇಡಬೇಕು, ಇಲ್ಲವೇ ನೀಲಿ (ಸಯಾನ್), ಕೆನ್ನೀಲಿ (ಮಜೆಂಟಾ), ಹಳದಿಗಳನ್ನು ಬೆರೆಸಬೇಕು. ಮೊದಲನೆಯದರಲ್ಲಿ ಮುಖದ ಮೇಲೆ ಮರಳು ಚೆಲ್ಲಿದಂತೆ ಕಾಣುತ್ತದೆ. ಎರಡನೆಯದರಲ್ಲಿ ಬೆಳಕು ಬದಲಾದಂತೆ ಬಣ್ಣವೂ ಬದಲಾಗುತ್ತದೆ.

ನಮ್ಮ ಸ್ಟುಡಿಯೊಗಳಲ್ಲಿ ಬಹಳ ಬಳಕೆಯಲ್ಲಿದ್ದ ಎಪ್ಸನ್ ಎಲ್805 ಆರು ಶಾಯಿಗಳ ಯಂತ್ರವಾದರೂ ಆ ಆರರಲ್ಲಿ ಬೂದು ಇಲ್ಲ; ಹೆಚ್ಚುವರಿ ಎರಡು ಶಾಯಿಗಳು ತಿಳಿನೀಲಿ ಮತ್ತು ತಿಳಿಗೆನ್ನೀಲಿ. ಮದುವೆಯ ಬಣ್ಣದ ಫೋಟೊಗಳಿಗೆ ಅದು ಒಳ್ಳೆಯದೇ. ಆದರೆ ಅದೇ ಕಂಪೆನಿಯ ಎಲ್8180ರಲ್ಲಿ ಒಂದು ಬೂದು ಶಾಯಿ ಇದೆ. ಕ್ಯಾನನ್ ಜಿ570ರಲ್ಲಿಯೂ ಒಂದು ಇದೆ. ಹೊಸಬರು ಇಲ್ಲಿಂದ ಆರಂಭಿಸಬಹುದು. ಕ್ಯಾನನ್ ಪ್ರೋ-300ರಲ್ಲಿ ಒಂದು ಬೂದು ಮತ್ತು ಎರಡು ಕಪ್ಪುಗಳಿವೆ. ಎಪ್ಸನ್ ಪಿ700ರಲ್ಲಿ ಬೂದು, ತಿಳಿಬೂದು ಎರಡೂ ಇವೆ. ಕಪ್ಪು-ಬಿಳುಪನ್ನೇ ಮುಖ್ಯವಾಗಿ ಮುದ್ರಿಸುವವರು ಎರಡು ಬೂದುಗಳಿಗಿಂತ ಕಡಿಮೆಗೆ ಒಪ್ಪಬಾರದೆಂಬುದು ನನ್ನ ದೃಢ ಅಭಿಪ್ರಾಯ.

ಶಾಯಿಯಲ್ಲಿ ಡೈ ಮತ್ತು ಪಿಗ್ಮೆಂಟ್ ಎಂದು ಎರಡು ಬಗೆ. ಡೈ ನೀರಿನಲ್ಲಿ ಕರಗಿದ ಬಣ್ಣ. ಪಿಗ್ಮೆಂಟ್ ಎಂದರೆ ದ್ರವದಲ್ಲಿ ತೇಲುವ ಸೂಕ್ಷ್ಮ ಕಣಗಳು. ಪಿಗ್ಮೆಂಟ್ ಕಪ್ಪಿನ ಮೂಲ ಇಂಗಾಲವಾದ್ದರಿಂದ ಅದು ಬೆಳಕಿಗೂ ತೇವಕ್ಕೂ ಹೆಚ್ಚು ಕಾಲ ತಡೆಯುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುವ ನಮ್ಮ ಕಾಸರಗೋಡಿನ ಮನೆಗಳಿಗೆ ಪಿಗ್ಮೆಂಟನ್ನೇ ಆರಿಸಿ.

3. ಕೊಳ್ಳುವ ಮುನ್ನ ಪರೀಕ್ಷಾ ಮುದ್ರಣ

ಹೆಚ್ಚಿನವರು ಎಡವುವುದು ಇಲ್ಲಿಯೇ. ಅಂಗಡಿಯವರು ಮುದ್ರಿಸಿ ತೋರಿಸುವ ಹೂವಿನ, ಗಿಳಿಯ ಬಣ್ಣದ ಚಿತ್ರವನ್ನು ನೋಡಿ ಹಣ ಕೊಟ್ಟುಬಿಡುತ್ತಾರೆ. ಬಣ್ಣದ ಚಿತ್ರದಲ್ಲಿ ಚೂರು ಹಸಿರು ಹೆಚ್ಚಾದರೆ ಎಲೆಗಳ ನಡುವೆ ಅದು ಮರೆಯಾಗುತ್ತದೆ. ಕಪ್ಪು-ಬಿಳುಪಿನಲ್ಲಿ ಅದು ಅವಿತುಕೊಳ್ಳಲು ಜಾಗವೇ ಇಲ್ಲ. ಆದ್ದರಿಂದ ನಿಮ್ಮದೇ ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಕಾಸರಗೋಡಿನಲ್ಲಿ ಆ ಯಂತ್ರ ನೋಡಲು ಸಿಗದಿದ್ದರೆ ಮಂಗಳೂರಿಗೆ ಹೋಗಿ, ಅಥವಾ ಅದೇ ಮಾದರಿಯನ್ನು ಇಟ್ಟುಕೊಂಡಿರುವ ಸ್ಟುಡಿಯೊದವರಲ್ಲಿ ಹಣ ಕೊಟ್ಟು ಮುದ್ರಿಸಿಕೊಡಲು ಕೇಳಿ. ಒಂದು ದಿನದ ಓಡಾಟವಾದರೂ ಅದನ್ನು ತಪ್ಪಿಸಬೇಡಿ.

ಫೈಲನ್ನು ಹೀಗೆ ಸಿದ್ಧಪಡಿಸಬೇಕು. ಒಂದು ಎ4 ಪುಟದ ಮೇಲ್ಭಾಗದಲ್ಲಿ ಬಿಳಿಯಿಂದ ಕಪ್ಪಿನವರೆಗೆ ಶೇ 5ರಂತೆ ಏರುವ 21 ಚೌಕಗಳಿರಲಿ. ಅದರ ಕೆಳಗೆ ಮೆಟ್ಟಿಲುಗಳಿಲ್ಲದೆ ಬಿಳಿಯಿಂದ ಕಪ್ಪಿಗೆ ಜಾರುವ ಒಂದು ಪಟ್ಟಿ ಇರಲಿ. ಉಳಿದ ಜಾಗದಲ್ಲಿ ನೀವೇ ತೆಗೆದ ಚಿತ್ರ ಇರಲಿ, ಅದರಲ್ಲಿ ಎರಡು ತುದಿಗಳೂ ಇರಲಿ: ಅಂಗಳದ ಬಿಸಿಲಿನಲ್ಲಿ ಒಣಗುವ ಬಿಳಿ ಮುಂಡು ಮತ್ತು ಹೊಗೆಯಿಂದ ಕಪ್ಪಾದ ಅಡುಗೆಮನೆಯ ಬಾಗಿಲು ಒಂದೇ ಚೌಕಟ್ಟಿನಲ್ಲಿ ಬಂದರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿಲ್ಲ. ನಾನು ಬಳಸುವುದು ಬೇಕಲ ಕೋಟೆಯ ಮುರಕಲ್ಲಿನ ಗೋಡೆಯ ಚಿತ್ರ. ಆ ಕಲ್ಲಿನ ತೂತುಗಳ ಒಳಗಿನ ನೆರಳು ಒಂದೊಂದಾಗಿ ಬಿಡಿಸಿ ಕಾಣುತ್ತದೆಯೇ ಎಂದು ನೋಡಿದರೆ ಪ್ರಿಂಟರಿನ ಯೋಗ್ಯತೆ ತಿಳಿಯುತ್ತದೆ.

ಇದನ್ನು ಎರಡು ಸಲ, ಒಂದೇ ಕಾಗದದ ಎರಡು ಹಾಳೆಗಳಲ್ಲಿ ಮುದ್ರಿಸಬೇಕು: ಮೊದಲು ಸಾಮಾನ್ಯ ಬಣ್ಣದ ಕ್ರಮದಲ್ಲಿ, ಬಳಿಕ ಡ್ರೈವರಿನಲ್ಲಿರುವ (ಕಂಪ್ಯೂಟರಿನಿಂದ ಪ್ರಿಂಟರನ್ನು ನಡೆಸುವ ತಂತ್ರಾಂಶದಲ್ಲಿರುವ) ಕಪ್ಪು-ಬಿಳುಪು ಫೋಟೊ ಕ್ರಮದಲ್ಲಿ. ಈ ಎರಡನೆಯ ಕ್ರಮ ಬೂದು ಮತ್ತು ಕಪ್ಪು ಶಾಯಿಗಳನ್ನೇ ಹೆಚ್ಚಾಗಿ ಬಳಸಿ, ಬಣ್ಣದ ಶಾಯಿಗಳನ್ನು ಛಾಯೆ ತಿದ್ದುವಷ್ಟಕ್ಕೆ ಮಾತ್ರ ಸೇರಿಸುತ್ತದೆ. ಅಗ್ಗದ ಯಂತ್ರಗಳ ‘ಗ್ರೇಸ್ಕೇಲ್’ ಗುರುತು ಮತ್ತು ಇದು ಒಂದೇ ಎಂದು ಅಂಗಡಿಯಲ್ಲಿ ಹೇಳಿದರೆ ನಂಬಬೇಡಿ.

ಹಾಳೆಗಳನ್ನು ಅಲ್ಲಿಯೇ ನೋಡಿ ತೀರ್ಮಾನಿಸಬೇಡಿ. ಡೈ ಶಾಯಿಯ ಛಾಯೆ ಒಣಗುತ್ತ ಬದಲಾಗುವುದರಿಂದ ಒಂದು ಇಡೀ ದಿನ ಬಿಟ್ಟು, ಮನೆಯಲ್ಲಿ ಮೂರು ಬೆಳಕುಗಳಲ್ಲಿ ನೋಡಿ: ಬೆಳಗ್ಗೆ ಹತ್ತರ ಹೊತ್ತಿಗೆ ನೇರ ಬಿಸಿಲು ಬೀಳದ ಕಿಟಕಿಯ ಬಳಿ, ಟ್ಯೂಬ್‌ಲೈಟಿನ ಕೆಳಗೆ, ಮತ್ತು ಆ ಚಿತ್ರ ತೂಗಬೇಕಾದ ಕೋಣೆಯ ಎಲ್‌ಇಡಿ ಬಲ್ಬಿನ ಕೆಳಗೆ. ಪಕ್ಕದಲ್ಲಿ ಛಾಯಾಗ್ರಾಹಕರು ಬಳಸುವ ಬೂದು ಕಾರ್ಡನ್ನು ಇಟ್ಟುಕೊಂಡರೆ ಕಣ್ಣು ಮೋಸ ಹೋಗುವುದಿಲ್ಲ. ನಡುವಿನ ಚೌಕಗಳು ಒಂದು ಬೆಳಕಿನಲ್ಲಿ ಹಸಿರಾಗಿ, ಇನ್ನೊಂದರಲ್ಲಿ ಗುಲಾಬಿಯಾಗಿ ಕಂಡರೆ ಆ ಯಂತ್ರ ಬೂದನ್ನು ಬಣ್ಣಗಳಿಂದ ಕಟ್ಟುತ್ತಿದೆ ಎಂದರ್ಥ, ಅದನ್ನು ಬಿಟ್ಟುಬಿಡಿ. ಎಲ್ಲ ಬೆಳಕಿನಲ್ಲೂ ಒಂದೇ ಬಗೆಯಲ್ಲಿ ತುಸು ಬೆಚ್ಚಗೆ ಕಂಡರೆ ಅದು ದೋಷವಲ್ಲ, ಡ್ರೈವರಿನಲ್ಲಿ ತಿದ್ದಿಕೊಳ್ಳಬಹುದು.

ಆಮೇಲೆ ಹತ್ತು ಪಟ್ಟು ಹಿಗ್ಗಿಸುವ ಮಸೂರವನ್ನು ಬಿಳಿಯ ತುದಿಯ ಶೇ 5 ಮತ್ತು 10ರ ಚೌಕಗಳ ಮೇಲಿಡಿ. ಮಸೂರದಲ್ಲಿ ಚುಕ್ಕಿ ಕಂಡರೆ ಚಿಂತೆಯಿಲ್ಲ, ಬರಿಗಣ್ಣಿಗೂ ಕಂಡರೆ ಬೇಡ. ಕಪ್ಪಿನ ತುದಿಯಲ್ಲಿ 90, 95, 100ರ ಚೌಕಗಳು ಬೇರೆ ಬೇರೆಯಾಗಿಯೇ ಕಾಣಬೇಕು. ಕೊನೆಗೆ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಹೊಳಪು ಕಾಗದದ ಕಪ್ಪು ಭಾಗದಲ್ಲಿ ಕಂಚಿನಂಥ ಮಿನುಗು ಬಂದರೆ, ಅಂಥ ಶಾಯಿಗೂ ಆ ಕಾಗದಕ್ಕೂ ಹೊಂದಿಕೆಯಿಲ್ಲ.

ಹಸಿರು ಛಾಯೆಯನ್ನು ಮುಚ್ಚಲು ಇಡೀ ಚಿತ್ರವನ್ನೇ ಸೇಪಿಯಾ ಮಾಡಿಬಿಡುವ ಅಡ್ಡದಾರಿಯೊಂದು ನಮ್ಮಲ್ಲಿ ರೂಢಿಯಾಗಿದೆ. ಕಂದು ಛಾಯೆ ಆ ಚಿತ್ರಕ್ಕೆ ಬೇಕೆನಿಸಿದರೆ ಹಾಕಬಹುದು. ಯಂತ್ರದ ಕೊರತೆಯನ್ನು ಮರೆಸಲು ಹಾಕಬಾರದು.

4. ಕಾಗದ ಮತ್ತು ಎರಡು ಕಪ್ಪುಗಳು

ಹೊಳಪು ಕಾಗದಕ್ಕೆ ಫೋಟೊ ಬ್ಲ್ಯಾಕ್, ಹೊಳಪಿಲ್ಲದ ಹತ್ತಿಯ ಕಾಗದಕ್ಕೆ ಮ್ಯಾಟ್ ಬ್ಲ್ಯಾಕ್ ಬೇಕು. ಎಪ್ಸನ್ ಪಿ800ರಂಥ ಹಿಂದಿನ ಯಂತ್ರಗಳಲ್ಲಿ ಇವೆರಡಕ್ಕೂ ಒಂದೇ ಕೊಳವೆಯಿದ್ದು, ಬದಲಿಸಿದಾಗಲೆಲ್ಲ ಶಾಯಿ ಪೋಲಾಗುತ್ತಿತ್ತು. ಪಿ700ರಲ್ಲಿ ಎರಡಕ್ಕೂ ಬೇರೆ ಬೇರೆ ರಂಧ್ರಗಳಿವೆ. ಹಳೆಯ ಯಂತ್ರವನ್ನು ಕಡಿಮೆ ಬೆಲೆಗೆ ಕೊಳ್ಳುವವರು ಇದನ್ನು ಕೇಳಿ ತಿಳಿಯಬೇಕು. ಕತ್ತಲೆಕೋಣೆಯಲ್ಲಿ ತಯಾರಾಗುತ್ತಿದ್ದ ಹಳೆಯ ಬೆಳ್ಳಿಯ ಮುದ್ರಣದಂಥ ಆಳವಾದ ಕಪ್ಪು ಬೇಕಿದ್ದರೆ ಬೇರಿಯಂ ಸಲ್ಫೇಟ್ ಲೇಪವಿರುವ ಬರೈಟಾ ಕಾಗದವನ್ನೇ ತನ್ನಿ.

5. ಖರ್ಚು, ಕರೆಂಟು, ದುರಸ್ತಿ

ಯಂತ್ರದ ಬೆಲೆಗಿಂತ ಕಾರ್ಟ್ರಿಜ್ಜಿನ ಗಾತ್ರವನ್ನು ಹೋಲಿಸಿ: ಪ್ರೋ-300ರ ಕಾರ್ಟ್ರಿಜ್ಜಿನಲ್ಲಿ 14.4 ಮಿಲಿಲೀಟರ್, ಪಿ700ರದ್ದರಲ್ಲಿ 25, 17 ಇಂಚಿನ ಕ್ಯಾನನ್ ಪ್ರೋ-1000ರದ್ದರಲ್ಲಿ 80 ಮಿಲಿಲೀಟರ್ ಶಾಯಿ ಇರುತ್ತದೆ. ಒಟ್ಟು ಎಷ್ಟು ಕಾರ್ಟ್ರಿಜ್ಜುಗಳೆಂದು ಎಣಿಸಿ ಲೆಕ್ಕ ಹಾಕಿದ ಮೇಲೆಯೇ ಅಗ್ಗ ಯಾವುದು, ದುಬಾರಿ ಯಾವುದು ಎಂದು ಹೇಳಬಹುದು.

ಆಟಿಯ ಮಳೆಯಲ್ಲಿ ಮುದ್ರಣದ ನಡುವೆ ಕರೆಂಟು ಹೋದರೆ ಶಾಯಿ ಚಿಮ್ಮಿಸುವ ಹೆಡ್ ತನ್ನ ಮುಚ್ಚಳದ ಕೆಳಗೆ ಹೋಗದೆ ಅರ್ಧದಲ್ಲೇ ನಿಂತು ಒಣಗುತ್ತದೆ. ಪ್ರಿಂಟರಿನ ಜೊತೆಗೆ ಒಂದು ಯುಪಿಎಸ್ಸನ್ನು ಕೊಳ್ಳಿ, ಗೋಡೆಯ ಸ್ವಿಚ್ಚಿನಿಂದ ಎಂದೂ ಆರಿಸದೆ ಪ್ರಿಂಟರಿನ ಗುಂಡಿಯಿಂದಲೇ ಆರಿಸಿ. ವಾರಕ್ಕೊಮ್ಮೆಯಾದರೂ ಒಂದು ಸಣ್ಣ ಚಿತ್ರ ಮುದ್ರಿಸಲು ಸಾಧ್ಯವಾಗದವರು ಪಿಗ್ಮೆಂಟ್ ಯಂತ್ರ ಕೊಳ್ಳುವ ಬದಲು ಹೊರಗೆ ಮುದ್ರಿಸಿಕೊಳ್ಳುವುದೇ ಲೇಸು. ದುರಸ್ತಿಗೆ ತಂತ್ರಜ್ಞರು ಮನೆಗೆ ಬರುತ್ತಾರೆಯೋ, ಯಂತ್ರವನ್ನೇ ಮಂಗಳೂರಿಗೋ ಕೊಚ್ಚಿಗೋ ಒಯ್ಯಬೇಕೋ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿಕೊಳ್ಳಿ.

ಬಾಟಲಿಯಲ್ಲಿ ಅಗ್ಗಕ್ಕೆ ಸಿಗುವ ಹೆಸರಿಲ್ಲದ ಶಾಯಿಯನ್ನು ತುಂಬಿಸಲು ಯಾರಾದರೂ ಹೇಳಿದರೆ, ಅದರಲ್ಲಿ ಮುದ್ರಿಸಿದ 21 ಚೌಕಗಳ ಹಾಳೆಯೊಂದನ್ನು ಕೇಳಿ ಪಡೆದು, ಅರ್ಧ ಭಾಗಕ್ಕೆ ದಪ್ಪ ರಟ್ಟನ್ನು ಮುಚ್ಚಿ, ಬಿಸಿಲು ಬೀಳುವ ಕಿಟಕಿಗೆ ಎರಡು ತಿಂಗಳ ಕಾಲ ಅಂಟಿಸಿಡಿ. ರಟ್ಟು ತೆಗೆದಾಗ ಎರಡು ಅರ್ಧಗಳ ನಡುವೆ ಗೆರೆಯೊಂದು ಕಂಡರೆ ಆ ಶಾಯಿಯನ್ನು ನಿಮ್ಮ ಯಂತ್ರದ ಹತ್ತಿರಕ್ಕೂ ತರಬೇಡಿ.